ನ್ಯಾಡೆಂಗಳ ಕೆಂಪು ಜೋಳ

"ಯುದ್ಧ ಮುಗಿದ ಮೇಲೆ ಈ ಬೀಜ ನಿನ್ನ ಕೈಗೇ ವಾಪಸ್ ತಂದುಕೊಡುತ್ತೇನೆ."

ದಕ್ಷಿಣ ಸುಡಾನಿನ ನಿರಾಶ್ರಿತರ ಶಿಬಿರದಲ್ಲಿ ನ್ಯಾಡೆಂಗ್ ಎಂಬ ಮುದುಕಿಗೆ ಬೀಜವಿಜ್ಞಾನಿ ಚಂದ್ರಪ್ರಭಾ ಹೀಗೆ ಮಾತು ಕೊಟ್ಟು ಹತ್ತು ವರ್ಷದ ಮೇಲಾಗಿತ್ತು. ಊರು ಹೊತ್ತಿ ಉರಿದಾಗ ಮುದುಕಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಓಡಿದ್ದು ಅದೊಂದನ್ನೇ— ನೀರು ನಿಂತ ಹೊಲದಲ್ಲೂ ಬೆಳೆಯುವ ಕೆಂಪು ಜೋಳ.

ಈಗ ಆ ಊರಿಗೆ ಜನ ಮರಳುತ್ತಿದ್ದರು. ಹತ್ತಾರು ದೇಶಗಳು ಕೂಡಿಸಿದ ನಿಧಿಯಿಂದ ಗುದ್ದಲಿ, ಪಂಪು, ಬೀಜ ಹೋಗಲಿದ್ದವು. ಹೊಡೆದಾಡಿದ್ದ ಎರಡು ಪಂಗಡಗಳು ಒಂದೇ ಹೊಲದಲ್ಲಿ ಕೂಡಿ ಬಿತ್ತಬೇಕೆಂದು ಒಪ್ಪಂದವಾಗಿತ್ತು. ಮೊದಲ ಸಾಲಿಗೆ ಯಾವ ಬೀಜ? ನ್ಯಾಡೆಂಗಳದೇ ಎಂದು ಎರಡೂ ಕಡೆಯವರು ಒಪ್ಪಿದ್ದರು. ಅವರು ಮನಸಾರೆ ಒಪ್ಪಿದ್ದು ಬಹುಶಃ ಅದೊಂದಕ್ಕೇ.

ಮಂಗಳವಾರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮಿನ ಪ್ರಯೋಗಾಲಯದಲ್ಲಿ ಚಂದ್ರಪ್ರಭಾ ಒದ್ದೆಬಟ್ಟೆ ಬಿಚ್ಚಿದಳು. ನ್ಯಾಡೆಂಗಳ ಬೀಜವಿದ್ದ ಒಂದೇ ಒಂದು ಜಾರಿನಿಂದ ತೆಗೆದು, ಪರೀಕ್ಷೆಗೆಂದು ಮೊಳಕೆ ಕಟ್ಟಿದ್ದ ಕಾಳುಗಳಲ್ಲಿ ಒಂದೂ ಬಾಯಿ ಬಿಟ್ಟಿರಲಿಲ್ಲ. ಒಂದೂ!

ಸಂಜೆ ಕ್ಲಿನಿಕ್ ಮುಗಿಸಿ ಗೆಳತಿ ನೀರಜಾ ಎಜ್‌ಬಾಸ್ಟನ್ ಬಡಾವಣೆಯ ಆ ಪ್ರಯೋಗಾಲಯಕ್ಕೆ ಓಡಿಬಂದಳು. ವೃತ್ತಿಯಲ್ಲಿ ಜಿಪಿ, ಅಂದರೆ ಸಾಮಾನ್ಯ ವೈದ್ಯೆ. ಆದರೆ ಕನ್ನಡ ಸಂಘದ ದೀಪಾವಳಿಯಲ್ಲಿ ಹೋಳಿಗೆ ಡಬ್ಬಿ ಹಾರಿಸಿದವರನ್ನು ಮೀಸೆಯ ತುಪ್ಪ ನೋಡಿ ಹಿಡಿದಂದಿನಿಂದ ಸ್ನೇಹಿತರಿಗೆಲ್ಲ ಅವಳೇ ಪತ್ತೇದಾರಿಣಿ.

"ಉಲ್ಲಾಸನದೇ ಕೆಲಸ," ಚಂದ್ರಪ್ರಭಾ ಪಿಸುಗುಟ್ಟಿದಳು. "ವರ್ಷದಿಂದ ಫ್ರೀಜರ್ ಅವನ ಸುಪರ್ದಿ. ಬಾಗಿಲು ತೆರೆದಿಟ್ಟು ಹೋಗಿರ್ತಾನೆ. ನಾಳೆ ಪ್ರೊಫೆಸರ್‌ಗೆ ಹೇಳಿಬಿಡ್ತೀನಿ."

"ಹೇಳಿದ್ರೆ?"

"ಅವನ ಪಿಎಚ್‌ಡಿಗೆ ಎಳ್ಳುನೀರು."

ಪುತ್ತೂರಿನ ಹುಡುಗ ಉಲ್ಲಾಸ ಗೋಡೆಗಂಟಿ ನಿಂತಿದ್ದ. ಮುಖ ಸುಣ್ಣವಾಗಿತ್ತು.

"ಬಾಗಿಲು ತೆರೆದಿಟ್ಟಿದ್ಯಾ?" ನೀರಜಾ ಕೇಳಿದಳು.

"ಇಲ್ಲ ಡಾಕ್ಟ್ರೇ. ದೇವರಾಣೆ!"

"ದೇವರನ್ನ ಬಿಡು, ಅವನಿಗೆ ಬೇರೆ ಕೆಲಸ ಇದೆ. ಅದೇ ಫ್ರೀಜರಿನ ಮಿಕ್ಕ ಜಾರುಗಳು?"

"ಎಲ್ಲ ಮೊಳಕೆ ಬಂದಿವೆ. ಇದೊಂದೇ—"

"ಹಾಗಾದ್ರೆ ಫ್ರೀಜರ್ ನಿರಪರಾಧಿ. ಈ ಜಾರ್ ಮಾತ್ರ ಎಲ್ಲಿಗೋ ಹೋಗಿಬಂದಿದೆ. ಎಲ್ಲಿಗೆ?"

"ಎಲ್ಲಿಗೂ ಇಲ್ಲ," ಎಂದಳು ಚಂದ್ರಪ್ರಭಾ. "ಲಾಕ್‌ಡೌನ್ ಒಂದು ಬಿಟ್ಟು. ನನಗೆ ಕೋವಿಡ್. ಇಲ್ಲಿ ಕರೆಂಟ್ ಕೈಕೊಟ್ಟರೆ ಅಂತ ಹೆದರಿ ಇದನ್ನ ನಿನ್ನ ಫ್ರಿಜ್ಜಿಗೆ ಕೊಟ್ಟಿರಲಿಲ್ವೇನೇ?"

"ಅಲ್ಲಿ ಯಾರು ಮುಟ್ತಾರೆ!" ನೀರಜಾ ನಕ್ಕಳು. "ಆಗ ಡ್ಯೂಟಿ ಮೇಲೆ ಡ್ಯೂಟಿ. ನಾನು ಮನೆಗೆ ಬರ್ತಿದ್ದದ್ದೇ ಮಲಗೋಕೆ." ಹುಡುಗನ ಕಡೆ ತಿರುಗಿದಳು. "ಕಾಳಲ್ಲಿ ಏನೂ ವಿಚಿತ್ರ ಕಾಣಲಿಲ್ವಾ?"

"ಕೈಗೆ ಸ್ವಲ್ಪ ಜಿಡ್ಡು ಅಂಟ್ತಿತ್ತು. ಆ ದೇಶದ ಪದ್ಧತಿ ಇರಬೇಕು ಅಂದ್ಕೊಂಡೆ."

"ಜಿಡ್ಡಾ?" ಚಂದ್ರಪ್ರಭಾ ಬೆಚ್ಚಿದಳು. "ನಾನು ತಂದಾಗ ಒಣ ಮರಳಿನ ಹಾಗಿತ್ತು! ಆಮೇಲೆ ಗ್ಲೌಸ್ ಇಲ್ಲದೆ ನಾನು ಮುಟ್ಟೇ ಇಲ್ಲ."

ನೀರಜಾ ಬರಿಗೈಗೆ ಕಾಳು ಸುರಿದುಕೊಂಡಳು. ಉಜ್ಜಿದಳು. ಮೂಸಿದಳು.

ಅವಳ ಮುಖದ ನಗು ಅಲ್ಲೇ ಆರಿತು. ಆ ವಾಸನೆ ದಕ್ಷಿಣ ಸುಡಾನಿನದಲ್ಲ, ತನ್ನೂರು ಗದಗಿನದು. ಅವ್ವನ ಅಂಗೈಯದು. ಹರಳೆಣ್ಣೆ.

ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ಅವ್ವಾ, ಲಾಕ್‌ಡೌನಿನಾಗ ನೀ ಇಲ್ಲೇ ಸಿಕ್ಕೊಂಡಿದ್ದೆಲ್ಲ. ಆವಾಗ ಫ್ರಿಜ್ಜಿನಾಗ ಒಂದ್ ಜಾರು—"

"ಕೆಂಪ್ ಜ್ವಾಳದ್ದಾ?" ಚನ್ನಮ್ಮನ ದನಿ ಅರಳಿತು. "ಹುಚ್ಚಿ, ಜ್ವಾಳಾನ ಯಾರರ ಥಂಡ್ಯಾಗ ಇಡತಾರೇನ? ಬೂಸು ಹಿಡದೀತಂತ ನಾನ ತಗದೆ. ನಿಮ್ಮೂರಾಗ ಬಿಸಲರ ಎಲ್ಲೈತಿ? ಗ್ವಾಡಿಗೆ ಬಿಸಿ ಕಬ್ಬಿಣ ಐತೆಲ್ಲ, ಅದರ ಮ್ಯಾಲ ನಾಕ ದಿನ ಹರವಿದೆ. ಹುಳಾ ಹತ್ತಬಾರದಂತ ಹರಳೆಣ್ಣಿ ಸವರಿ, ತಿರುಗಿ ತುಂಬಿಟ್ಟೆ. ಚಲೋ ಉಳದೈತಿಲ್ಲೋ?"

"ಚಲೋ ಐತವ್ವಾ," ಎಂದು ನೀರಜಾ ಫೋನ್ ಇಟ್ಟಳು.

ಅಂಗೈಯ ಕಾಳನ್ನು ದೀಪದ ಕೆಳಗೆ ಹಿಡಿದಳು.

"ಎಣ್ಣೆ ಕೊಲ್ಲಲಿಲ್ಲ, ಮನೆ ಬೆಚ್ಚಗಿಡೋ ಗೋಡೆಯ ರೇಡಿಯೇಟರ್ ಕೊಂದಿತು. ನೋಡಿ, ಎಷ್ಟೋ ಕಾಳಿನ ಒಂದು ಮಗ್ಗುಲು ಕಂದಿದೆ. ಉಲ್ಲಾಸ್, ಮನೆಗೆ ಹೋಗಿ ಊಟ ಮಾಡು. ನಿನ್ನದೇನೂ ತಪ್ಪಿಲ್ಲ."

"ಪಾಪ, ನಿಮ್ಮ ಅಮ್ಮನಿಗೆ ಗೊತ್ತಿರಲಿಲ್ಲ—" ಎಂದಳು ಚಂದ್ರಪ್ರಭಾ.

"ಯಾಕೆ ಗೊತ್ತಿರಲಿಲ್ಲ? ನಾನು ಹೇಳಲಿಲ್ಲ. ಎರಡು ತಿಂಗಳು ಒಂದೇ ಸೂರಿನಡಿ ಇದ್ದು 'ಉಂಡೆಯಾ ಅವ್ವಾ' ಅಂತ ಕೇಳಿದ್ದೂ ನೆನಪಿಲ್ಲ. ಅವಳು ಕೈಕಟ್ಟಿ ಕೂರೋ ಹೆಂಗಸಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ." ನೀರಜಾ ಅಂಗೈಯ ಕಾಳನ್ನು ಒಂದೂ ಬೀಳದಂತೆ ಜಾರಿಗೆ ಸುರಿದಳು. "ಪ್ರೊಫೆಸರ್‌ಗೆ ಹೇಳೋಕೆ ಅಪರಾಧಿಯ ಹೆಸರು ಬೇಕಿತ್ತಲ್ಲ, ಚಂದ್ರಾ? ನೀರಜಾ. ಬರ್ಕೋ."

ಚಂದ್ರಪ್ರಭಾ ಉಲ್ಲಾಸನ ಮುಖ ನೋಡಲಾರದೆ ನೆಲ ನೋಡಿದಳು. "ಮುದುಕಿಗೆ ಏನು ಹೇಳಲಿ?"

"ನೀನಲ್ಲ. ನಾನು ಹೇಳ್ತೀನಿ."

ಶುಕ್ರವಾರ ವಿಮಾನ ಹೋಯಿತು. ಅದರಲ್ಲಿ ಗುದ್ದಲಿಗಳಿದ್ದವು, ಪಂಪುಗಳಿದ್ದವು, ಎಲ್ಲಿಂದಲೋ ಕೊಂಡ ಬಿಳಿಜೋಳವಿತ್ತು. ಕೆಂಪು ಜೋಳ ಇರಲಿಲ್ಲ. ನ್ಯಾಡೆಂಗಳಿಗೆ ಕೊಟ್ಟ ಮಾತು ತಪ್ಪಿತು.