ಎಳೆ ಜೋಳ ಮೇಯ್ದ ಕುರಿಗಳು

"ಸೂಜಿ ಮುಟ್ಟಿಸಿದ್ರ ಕೈ ಕಡೀತೀನಿ, ನೋಡ್ರಿ!"

ನಾಗರತ್ನಾ ಕುಡುಗೋಲು ಎತ್ತಿ ಅಡ್ಡ ನಿಂತಿದ್ದಳು. ಅವಳ ಹಿಂದೆ, ಕಂಗ್ಟಿ ಊರಿನ ಜೋಳದ ಹೊಲದಲ್ಲಿ, ಹನ್ನೊಂದು ಕುರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಬಿದ್ದಿದ್ದವು. ಇನ್ನೆರಡು ಆಗಲೇ ಸತ್ತಿದ್ದವು.

ಎದುರಿಗೆ ನಿಂತಿದ್ದವನು ಸೂರ್ಯಕಾಂತ, ನಾರಾಯಣಖೇಡದ ದನದ ಡಾಕ್ಟರ್. ಬೆಳಿಗ್ಗೆ ಊರಿನ ಕುರಿಗಳಿಗೆಲ್ಲ ಲಸಿಕೆ ಹಾಕಿ ಹೊರಟಿದ್ದವನು, ಅವಳ ಕೂಗು ಕೇಳಿ ಬೈಕ್ ತಿರುಗಿಸಿಕೊಂಡು ಬಂದಿದ್ದ.

"ಮುಂಜಾನಿ ನೀವು ಚುಚ್ಚಿದ್ರಿ, ಈಗ ಸಾಯಾಕತ್ಯಾವ! ಇನ್ನೂ ಚುಚ್ಚಬೇಕೇನು?"

"ಕಡೀರಿ... ಆದ್ರ ಐದು ನಿಮಿಷ ಬಿಟ್ಟು ಕಡೀರಿ! ಲಸಿಕಿ ಅಲ್ರಿ ಇದು, ವಿಷ ಇಳಸೋ ಔಷಧ!"

ಅವನ ದನಿ ನಡುಗುತ್ತಿತ್ತು. 'ಮೋಸ ಮಾಡುವವನು ನನ್ನಷ್ಟೇ ಹೆದರುತ್ತಾನೆಯೇ?' ನಾಗರತ್ನಾ ಕುಡುಗೋಲು ಕೆಳಗಿಟ್ಟಳು.

"ನಿಂತಿರೋ ಕುರಿ ಓಡಿಸಬ್ಯಾಡ್ರಿ. ಓಡಿದ್ರ ಜಲ್ದಿ ಬೀಳ್ತಾವ. ಸಾವಕಾಶ ಆಚೆ ಕರೀರಿ!"

ಅವನು ಒಂದೊಂದರ ಕುತ್ತಿಗೆಯ ನರ ಹುಡುಕಿ ಔಷಧ ಏರಿಸತೊಡಗಿದ. ಅವಳು ನಿಂತಿದ್ದವುಗಳನ್ನು ಹೊಲದಾಚೆ ಬಿಟ್ಟು ಓಡಿ ಬಂದು ಬಿದ್ದ ಕುರಿಗಳ ತಲೆ ಹಿಡಿದುಕೊಂಡಳು. ಅವಳ ತೊಡೆಯ ಮೇಲೆಯೇ ಒಂದು ಮರಿ ಒಮ್ಮೆ ಒದ್ದಾಡಿ ಸ್ತಬ್ಧವಾಯಿತು.

"ಈಗ ಉಸಿರಾಡ್ತಿತ್ತಲ್ರೀ... ಮತ್ಯಾಕ ಸತ್ತುಹೋತು?"

ಅವನು ಮುಂದಿನ ಕುರಿಯ ಕಣ್ರೆಪ್ಪೆ ಎತ್ತಿ ತೋರಿಸಿದ. ಒಳಗೆಲ್ಲ ಕೆಂಪು... ಹೊಳೆಯುವ ಕೆಂಪು!

"ಮೈಯಾಗಿನ ಒಂದೊಂದು ಜೀವಕೋಶನೂ ರಕ್ತದಿಂದ ಸಕ್ಕರಿ ತಗೋತದ. ಅದನ್ನ ಒಡದು, ಉಸಿರಿನ ಆಕ್ಸಿಜನ್ ಜೋಡಿ ಸೇರಿಸಿ, ಸ್ವಲ್ಪ ಸ್ವಲ್ಪನೇ ಶಕ್ತಿ ತೆಗೀತದ. ಆ ಶಕ್ತಿ ಮ್ಯಾಲೇ ಎದಿ ಬಡೀತದ, ಮಿದುಳು ನಡೀತದ. ಈ ವಿಷ ಆ ಕೆಲಸದ ಕಡೀ ಹಂತಾನೇ ತಡೀತದ. ರಕ್ತದಾಗ ಸಕ್ಕರಿನೂ ಅದ, ಆಕ್ಸಿಜನ್ನೂ ಅದ. ಕೋಶಕ್ಕ ಬಳಸಾಕ ಆಗಲ್ಲ. ಬಳಸಲಾರದ ಆಕ್ಸಿಜನ್ ಹಂಗೇ ಉಳದು ರಕ್ತ ಇಷ್ಟು ಕೆಂಪಾಗ್ಯದ."

"ಎಲ್ಲಿಂದ ಬಂತ್ರಿ ಆ ವಿಷ?"

ಸೂರ್ಯಕಾಂತ ಹೊಲದ ಕಡೆ ನೋಡಿದ. ಕೊಯ್ದ ಜೋಳದ ಕೂಳೆಗಳಲ್ಲಿ ಮೊಣಕಾಲೆತ್ತರದ ಹಸಿರು ಚಿಗುರು ಒಡೆದಿತ್ತು.

"ಮಳಿ ಹಿಂದಾಗಿ ಒಣಗಿ, ಮತ್ತ ಚಿಗತ ಎಳೆ ಜೋಳದಾಗ ಇರ್ತದ್ರಿ."

ನಾಗರತ್ನಾ ಆ ಚಿಗುರನ್ನೇ ನೋಡಿದಳು. ಅಪ್ಪ ಜಹೀರಾಬಾದಿನ ಸಂತೆಗೆ ಹೋಗಿದ್ದ. ಹಸಿರು ಕಂಡು ಖುಷಿಯಿಂದ ಕುರಿಗಳನ್ನು ಇಲ್ಲಿಗೆ ಬಿಟ್ಟವಳು... ಅವಳೇ!

ಅಷ್ಟರಲ್ಲಿ, ಸಂತೆಯಿಂದ ಆಗಷ್ಟೇ ಮರಳಿದ್ದ ಅಪ್ಪ ಹಣಮಯ್ಯ ಸುದ್ದಿ ಕೇಳಿ ನಾಲ್ಕು ಜನರೊಂದಿಗೆ ಓಡಿ ಬಂದ. ಬಂದವನೇ ಡಾಕ್ಟರನ ಕಾಲರ್ ಹಿಡಿದ.

"ಸೂಜಿ ಹಾಕಿ ಕೊಂದ್ಯಲ್ಲೋ ನನ್ನ ಕುರಿ!"

ಸೂರ್ಯಕಾಂತ ಅವಳತ್ತ ನೋಡಿದ. "ಮೊದ್ಲ ಕುರಿ ಉಳಸೋಣ್ರಿ" ಅಂದ.

'ಸುಮ್ಮನಿದ್ದರೆ ನಾನು ಉಳಿಯುತ್ತೇನೆ...' ಆದರೂ ಎದ್ದು ನಿಂತಳು.

"ಅವರ್ನ ಬಿಡು ಅಪ್ಪಾ! ಎಳೆ ಜೋಳಕ್ಕ ಬಿಟ್ಟಾಕಿ ನಾನೇ. ಅವರು ಬರಲಾರದಿದ್ರ ಒಂದೂ ಉಳೀತಿರಲಿಲ್ಲ!"

ಹಣಮಯ್ಯನ ಕೈ ಸಡಿಲವಾಯಿತು. ಒಂದು ಕುರಿ ಮುಗ್ಗರಿಸುತ್ತಾ ಎದ್ದಿತು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಇನ್ನೊಂದು ಸತ್ತರೂ, ಬಿದ್ದ ಹನ್ನೊಂದರಲ್ಲಿ ಒಂಬತ್ತು ಬದುಕಿದವು.

ಮುಂದೆ ಹತ್ತು ದಿನ ಸೂರ್ಯಕಾಂತ ಕುರಿ ನೋಡಲು ಬಂದ. ಅವನ ಬೈಕಿನ ಸದ್ದಿಗೆ ಅವಳ ಕಿವಿ ಕಾಯುತ್ತಿತ್ತು. ಹನ್ನೊಂದನೇ ದಿನ ಬರಲಿಲ್ಲ. ವಾರವಾದರೂ ಬರಲಿಲ್ಲ. ಅವನಿಗೆ ತಾಂಡೂರಿಗೆ ವರ್ಗವಾಗಿದೆ ಎಂದು ಯಾರೋ ಅಂದರು.

'ಬುದ್ಧಿಯಿಲ್ಲದೆ ಕುರಿ ಕೊಂದವಳು ಅಂದುಕೊಂಡನೇ? ಹೇಳದೆಯೇ ಹೋಗುತ್ತಾನೆಯೇ?'

ಮರುದಿನವೇ ನಾರಾಯಣಖೇಡದ ಬಸ್ಸು ಹತ್ತಿದಳು. ಆಸ್ಪತ್ರೆಯ ಬಾಗಿಲಲ್ಲಿ ಅವನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಕುರಿ ಹ್ಯಾಂಗ ಅವ್ರೀ?"

"ಕುರಿ ಚೊಲೋ ಅವ. ನಾ ಚೊಲೋ ಇಲ್ರಿ..." ಕಣ್ಣೀರು ತಡೆಯಲಾಗಲಿಲ್ಲ. "ಯಾಕ ಬರಲಿಲ್ಲ?"

"ಕುರಿ ಆರಾಮಾದ ಮ್ಯಾಲೂ ನಾಲ್ಕು ದಿನ ಬಂದೀನ್ರಿ, ನಿಮ್ಮನ್ನ ನೋಡಾಕ. ಜನ ನಿಮ್ಮ ಬಗ್ಗೆ ಏನರ ಅಂದ್ರ ಅಂತ ಅಂಜಿದೆ." ಅವನ ದನಿ ತಗ್ಗಿತು. "ನಿಮ್ಮಪ್ಪನ ಮುಂದ ನಿಂತು ಕೇಳಾಕ ಇನ್ನೂ ಅಂಜಿಕಿ."

"ಏನು ಕೇಳಾಕ?"

"ನಿಮ್ಮನ್ನ."

ನಾಗರತ್ನಾ ಒಂದು ಹೆಜ್ಜೆ ಹತ್ತಿರ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂಗೂ ಅಂಜಿಕಿನೇ ಅದ. ನಡೀರಿ, ಇಬ್ಬರೂ ಕೂಡೇ ಕೇಳೋಣು."

"ಈಗೇ? ಬೈಕಿನ ಮ್ಯಾಲ ಬಂದ್ರ ಊರೆಲ್ಲ ನೋಡ್ತದ್ರಿ..."

"ನೋಡಲಿ. ನಾ ಗಟ್ಟಿ ಹಿಡಕೋತೀನಿ, ನೀವು ಹಗೂರಕ ಹೊಡೀರಿ."