ಡಾಕ್ಟರ್ ಹೇಮಲತಾ ಕೊಟ್ಟ ಉತ್ತರ

ನಂಜನಗೂಡಿನ ಆ ಆಸ್ಪತ್ರೆಯಲ್ಲಿ ಐಸಿಯು ಶುರುವಾದಾಗಿನಿಂದ ಡಾಕ್ಟರ್ ಹೇಮಲತಾಳೇ ಅದರ ಮುಖ್ಯಸ್ಥೆ. ಇವತ್ತು ಅವಳ ನಿವೃತ್ತಿಯ ಸನ್ಮಾನ. ವೇದಿಕೆಯ ಮೇಲೆ ಯಾರೋ ಹೊಗಳುತ್ತಿದ್ದರು. ಅವಳ ಕಣ್ಣು ಮಾತ್ರ ಮೂರನೇ ಸಾಲಿನಲ್ಲಿತ್ತು.

ಅಲ್ಲಿ ಹುಲ್ಲಹಳ್ಳಿಯ ಗುರುಮಲ್ಲಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ನರೆಗೂದಲು. ಅವಳು ನೋಡಿದ್ದು ಗೊತ್ತಾಗಿ ಅವಸರದಲ್ಲಿ ಕಾಲರ್ ಸರಿಮಾಡಿಕೊಂಡ. ಅವಳಿಗೆ ನಗು ತಡೆಯುವುದೇ ಕಷ್ಟವಾಯಿತು.

ಕೆಲವು ವರ್ಷಗಳ ಹಿಂದೆ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಅವನನ್ನು ಇಲ್ಲಿಗೆ ತಂದಿದ್ದರು. ಉಸಿರಾಡಲು ವೆಂಟಿಲೇಟರ್ ಬೇಕಿತ್ತು, ರೆಪ್ಪೆ ಎತ್ತಲೂ ಶಕ್ತಿಯಿರಲಿಲ್ಲ. ಕಿವಿ ಮಾತ್ರ ಕೇಳಿಸುತ್ತಿತ್ತು. ಅದು ತಿಳಿದೇ ಹೇಮಲತಾ ಅವನೊಂದಿಗೆ ಮಾತಾಡುತ್ತಿದ್ದಳು. ಬೆಳಗಾಯಿತು, ಬಿಸಿಲು ಬಂತು, ಇನ್ನೂ ಸ್ವಲ್ಪ ತಡೆದುಕೊಳ್ಳಿ ಎನ್ನುತ್ತಿದ್ದಳು.

ಪೂರ್ತಿ ಗುಣವಾಗಿ ಎಷ್ಟೋ ತಿಂಗಳಾದ ಮೇಲೆ ಅವನು ಅವಳ ಮುಂದೆ ಬಂದು ನಿಂತಿದ್ದ.

"ಮಕ ನೋಡಕ್ ಮುಂಚೆನೇ ನಿಮ್ ದನಿ ಮೆಚ್ಕಂಬುಟ್ಟೆ ಡಾಕ್ಟ್ರೇ. ನಮ್ಮನೆಯೋಳು ತೀರ್ಕಂಡು ಬಾಳ ವರ್ಸಾಯ್ತು. ನನ್ನ ಮದ್ವೆ ಆಯ್ತೀರಾ?"

"ಈ ಐಸಿಯು ನೋಡ್ಕೊಳ್ಳೋಕೆ ಇನ್ನೊಬ್ಬರು ತಯಾರಾಗೋವರೆಗೂ ನಾನು ಎಲ್ಲಿಗೂ ಬರಲ್ಲ."

"ಕಾಯ್ತೀನಿ."

"ಕಾಯಿರಿ ಅಂತ ನಾನು ಹೇಳ್ಲಿಲ್ಲ."

"ನಾನೂ ನಿಮ್ಮುನ್ನ ಕೇಳ್ನಿಲ್ಲ."

ಮತ್ತೆಂದೂ ಅವನು ಆ ಮಾತೆತ್ತಲಿಲ್ಲ. ಪೇಟೆಗೆ ಬಂದಾಗಲೆಲ್ಲ ಕ್ಯಾಂಟೀನಿನಲ್ಲಿ ಅವಳೊಂದಿಗೆ ಒಂದು ಕಾಫಿ ಕುಡಿದು ಹೋಗುತ್ತಿದ್ದ. ಅವನು ಬಾರದ ವಾರ ಕ್ಯಾಂಟೀನಿನ ಬಾಗಿಲನ್ನೇ ನೋಡುತ್ತಾ ಕೂರುವುದು ಅವಳಿಗೆ ಯಾವಾಗ ಅಭ್ಯಾಸವಾಯಿತೋ.

ಅಷ್ಟರಲ್ಲಿ ಆಸ್ಪತ್ರೆಯ ಅಧ್ಯಕ್ಷರು ಮೈಕ್ ಹಿಡಿದರು. "ಮೇಡಂ ಇಲ್ಲದ ಐಸಿಯು ನಮಗೆ ಬೇಡ. ಇನ್ನೂ ಐದು ವರ್ಷ ಅವರೇ ಮುಖ್ಯಸ್ಥರು!"

ಚಪ್ಪಾಳೆ ಜೋರಾಯಿತು. ಗುರುಮಲ್ಲಪ್ಪನೂ ತಟ್ಟಿದ. ಆಮೇಲೆ ಮೆಲ್ಲಗೆ ಎದ್ದು ಬಾಗಿಲ ಕಡೆ ಹೊರಟ. ಆ ಬಾಗಿದ ಬೆನ್ನು ಕಂಡು ಅವಳು ಮೈಕ್ ಎಳೆದುಕೊಂಡಳು.

"ಗುರುಮಲ್ಲಪ್ಪೋರೇ, ಕೂತ್ಕೊಳ್ಳಿ."

ಸಭೆಯೆಲ್ಲ ಅವನತ್ತ ತಿರುಗಿತು. ಅವನು ಹತ್ತಿರದ ಕುರ್ಚಿಯಲ್ಲೇ ಕೂತುಬಿಟ್ಟ.

"ಮೊನ್ನೆ ತಿ. ನರಸೀಪುರದಿಂದ ಬಂದ ಬಾಣಂತಿನ ಉಳಿಸಿದ್ದು ನಾನಲ್ಲ. ನಾನು ಬೆಳೆಸಿದ ಡಾಕ್ಟರ್ ಸಿಂಧು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ, ಒಂದು ಮಾತೂ ಹೇಳಬೇಕಾಗಲಿಲ್ಲ. ಇನ್ನು ಈ ಐಸಿಯು ಅವಳದು. ಪಾಠ ಹೇಳೋಕೆ ಕರೀರಿ, ಬರ್ತೀನಿ."

"ಮೇಡಂ, ಇನ್ನೊಂದ್ಸಲ ಯೋಚನೆ ಮಾಡಿ," ಎಂದರು ಅಧ್ಯಕ್ಷರು.

"ಮಾಡಿದ್ದೀನಿ ಸರ್."

ವೇದಿಕೆ ಇಳಿದು ನೇರ ಅವನ ಬಳಿಗೆ ಹೋದಳು. ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು.

"ಮದುವೆ ಆಗೋಣ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. "ಇಷ್ಟ್ ಜನದ್ ಮುಂದೆ ಯೋಳ್ತೀರಲ್ಲ ಡಾಕ್ಟ್ರೇ!"

"ಡಾಕ್ಟ್ರೇ ಅನ್ಬೇಡಿ. ಹೆಸರು ಹಿಡಿದು ಕರೀರಿ."

ಅವನು ಕಣ್ಣೊರೆಸಿಕೊಂಡು ಬಾಯಿ ತೆರೆದ.

"ಏಮಾ... ಏಮಲತಾ..."

ಅವಳು ಅವನ ಒರಟು ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಅಧ್ಯಕ್ಷರು ಇನ್ನೂ ಏನೋ ಕೇಳುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.