ಹೌದು ಎಂದು ಬರೆಯಬೇಕಿದ್ದ ಜಾಗ

"ಅಂಕಪಟ್ಟೀಲಿ ಇಲ್ಲ ತಾನೆ? ಹಾಗಿದ್ಮೇಲೆ ನಾನ್ಯಾಕೆ ಹೇಳ್ಕೋಬೇಕು?"

ಕಾಲೇಜಿನ ದಾಖಲೆ ಕಚೇರಿಯ ಕೌಂಟರಿನಲ್ಲಿ ಸೈಮಿ ಕೊಸ್ಕೆಲಳ ದನಿ ಅವಳಿಗೇ ಅರಿವಿಲ್ಲದೆ ಏರಿತ್ತು. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು.

ಗಾಜಿನಾಚೆ ಕುಳಿತಿದ್ದ ಡೆಸ್ಮಂಡ್ ಪೆನ್ರೋಸ್ ಮಾತ್ರ ವಿಚಲಿತನಾಗಲಿಲ್ಲ.

"ಅಂಕಪಟ್ಟೀಲಿಲ್ಲ, ನಿಜ. ಆದ್ರೆ ಮೆಡಿಕಲ್ ಕಾಲೇಜಿನ ಅರ್ಜೀಲಿ ಕೇಳೋದು, ಯಾವತ್ತಾದ್ರೂ ಪ್ರೊಬೇಷನ್‌ನಲ್ಲಿ ಇದ್ರಾ ಅಂತ. ಹೌದು ಅಂತ ಬರೀರಿ. ಕಾರಣ ಬರೆಯೋಕೂ ಜಾಗ ಕೊಟ್ಟಿರ್ತಾರೆ."

ಕಾರಣ!

ಸೈಮಿ ಆರು ವರ್ಷದ ಹಿಂದೆ, ಕಾಲೇಜು ಸೇರಿದ ಮೊದಲ ಚಳಿಗಾಲದಲ್ಲಿ, ನಾಲ್ಕರಲ್ಲಿ ಮೂರು ವಿಷಯಗಳಲ್ಲಿ ಫೇಲಾಗಿದ್ದಳು. ಮುಂದಿನ ಅವಧಿಯಲ್ಲಿ ಸುಧಾರಿಸದಿದ್ದರೆ ಹೊರಗೆ ಹಾಕುತ್ತೇವೆ ಎಂದು ಕಾಲೇಜು ಪ್ರೊಬೇಷನ್ ಪತ್ರ ಕೊಟ್ಟಿತ್ತು. ಸುಧಾರಿಸಿದಳು. ಆಮೇಲೆ ಒಂದೇ ಒಂದು ಪರೀಕ್ಷೆಯಲ್ಲೂ ಹಿಂದೆ ಬೀಳಲಿಲ್ಲ.

ಆದರೆ ಕಾರಣ...

ಅವಳ ಕಣ್ಣು ತುಂಬಿದ್ದು ಕಂಡು ಡೆಸ್ಮಂಡ್ ಕಿಟಕಿಯ ಗಾಜು ಸರಿಸಿದ. "ಕೂತ್ಕೊಳ್ಳಿ ಸ್ವಲ್ಪ. ಕಾಫಿ ತರ್ಲಾ? ನಮ್ಮ ಕಾಫಿ ಕೆಟ್ಟದಾಗಿರುತ್ತೆ, ಮೊದ್ಲೇ ಹೇಳಿಬಿಡ್ತೀನಿ."

ಅಳುತ್ತಲೇ ಅವಳಿಗೆ ನಗು ಬಂತು.

ಪರಿಚಯ ಅಲ್ಲಿಂದ ಶುರುವಾಯಿತು. ಸೈಮಿ ವೃದ್ಧಾಶ್ರಮದಲ್ಲಿ ಹಗಲು ಪಾಳಿ ಮುಗಿಸಿ ಬರುವಾಗ ಡೆಸ್ಮಂಡ್ ಗೇಟಿನ ಬಳಿ ಕಾಯತೊಡಗಿದ. ಸುಪೀರಿಯರ್ ಸರೋವರದ ಗಾಳಿ ಮುಖ ಕೊರೆಯುತ್ತಿದ್ದರೂ ದಡದುದ್ದಕ್ಕೂ ನಡೆಯುತ್ತಿದ್ದರು. ಎಲೆಯುದುರುವ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು.

ಅವಳು ಅರ್ಜಿ ಹಾಕಿದ್ದು ಅವನಿಗೆ ಗೊತ್ತು. ಆ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದ್ದು ಮಾತ್ರ ಗೊತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸೀಟು ಸಿಕ್ಕಿತು. ಡೆಸ್ಮಂಡ್ ಹಿಮದ ಮೇಲೇ ಅವಳನ್ನು ಎತ್ತಿ ತಿರುಗಿಸಿದ.

"ನೋಡಿದ್ಯಾ! ನಿಜ ಹೇಳಿದ್ರೂ ತಗೊಂಡ್ರು! ನಾನು ಹೇಳಿರ್ಲಿಲ್ವಾ?"

ಹೇಳಿಬಿಡು ಸೈಮಿ, ಈಗಲೇ ಹೇಳಿಬಿಡು... ಒಳಗಿನಿಂದ ಯಾರೋ ಕೂಗಿದರು. ಅವಳು ಅವನ ಕೋಟಿನಲ್ಲಿ ಮುಖ ಹುದುಗಿಸಿಕೊಂಡಳು.

ಏಪ್ರಿಲ್‌ನ ಒಂದು ಮಂಗಳವಾರ ಅವನು ಖುಷಿಯಿಂದಲೇ ಬಂದ.

"ನಿನ್ನ ಮೆಡಿಕಲ್ ಕಾಲೇಜಿಂದ ಫಾರಂ ಬಂದಿದೆ. ಪ್ರೊಬೇಷನ್ ಇತ್ತಾ ಅಂತ ಒಂದು ಸಾಲು. ಅವರಿಗೆ ಹೇಗೂ ಗೊತ್ತಲ್ಲ, ಹೌದು ಅಂತ ಹಾಕಿ..."

ಅವಳ ಮುಖ ನೋಡಿ ಮಾತು ಅಲ್ಲೇ ನಿಂತಿತು.

"ಸೈಮಿ... ನೀನು ಬರೆದಿಲ್ವಾ?"

"ಆ ಸಾಲು ಖಾಲಿ ಬಿಡು ಡೆಸ್. ಪ್ಲೀಸ್! ಅದೊಂದೇ ಸಾಲು!"

"ಆಗಲ್ಲ ಕಣೇ..." ಎಂದ ಅವನು. "ಶುಕ್ರವಾರ ಐದು ಗಂಟೆಯೊಳಗೆ ಕಳಿಸ್ಬೇಕು. ಅಷ್ಟರಲ್ಲಿ ನೀನೇ ಫೋನ್ ಮಾಡಿ ಹೇಳಿಬಿಡು. ನೀನಾಗೇ ಹೇಳಿದ್ರೆ ಬಿಟ್ರೂ ಬಿಡ್ಬಹುದು."

"ಶುಕ್ರವಾರದವರೆಗೆ ಗಡುವು ಕೊಡ್ತಿದ್ದೀಯಾ? ನಂಗೆ? ಆರು ವರ್ಷ ಮುದುಕರ ಮಲಮೂತ್ರ ಬಳಿದು ಈ ಸೀಟು ತಗೊಂಡಿದ್ದೀನಿ. ಒಂದು ಪೆನ್ನಿನ ಗೀಟು ಎಳೆದು ಕಿತ್ಕೊಳ್ತೀಯಾ? ಇದೇನಾ ನಿನ್ನ ಪ್ರೀತಿ?"

"ನಿನ್ನ ಕಾರಣ ಏನು ಅಂತ ನಂಗಾದ್ರೂ ಹೇಳು..."

"ಹೋಗು ಇಲ್ಲಿಂದ!"

ಹೋದ.

ಬುಧವಾರ, ಗುರುವಾರ, ಶುಕ್ರವಾರ... ನೂರು ಸಲ ಫೋನ್ ಎತ್ತಿಕೊಂಡಳು, ನೂರು ಸಲ ಇಟ್ಟಳು. ಏನಂತ ಹೇಳುವುದು? ಬೆರಳುಗಳೇ ತನ್ನವಲ್ಲವೆಂಬಂತೆ ಕುಳಿತಿದ್ದಳು. ಶುಕ್ರವಾರ ಐದು ಹೊಡೆಯಿತು.

ಹತ್ತು ದಿನಕ್ಕೆ ಪತ್ರ ಬಂತು. ತಪ್ಪು ಮಾಹಿತಿ ನೀಡಿದ್ದರಿಂದ ಪ್ರವೇಶ ರದ್ದು.

ಅವನೇ ಸಹಿ ಹಾಕಿ ಕಳಿಸಿದ! ಅವಳ ಎದೆ ಕಲ್ಲಾಯಿತು.

ಪತ್ರ ಹಿಡಿದು ಊರಿಗೆ ಬಂದು ಅಡುಗೆಮನೆಯಲ್ಲಿ ನಿಂತವಳನ್ನು ಅಜ್ಜಿ ನೋಡಿದಳು. ಸೈಮಿ ಅವಳನ್ನು ಮಮ್ಮು ಎಂದೇ ಕರೆಯುತ್ತಿದ್ದುದು. ತಾಯಿ ಸತ್ತ ಮೇಲೆ ಉಳಿದಿದ್ದು ಇವಳೊಬ್ಬಳೇ. ಈ ಮುಖದೆದುರು ಸತ್ಯ ಹೇಳಬಾರದೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು?

"ಮಮ್ಮು... ಅಮ್ಮ ತೀರ್ಕೊಂಡ ವಾರ ಪರೀಕ್ಷೆ ಇದೆ, ಬರೋಕಾಗಲ್ಲ ಅಂದಿದ್ದೆನಲ್ಲ..."

"ಹೂಂ."

"ಪರೀಕ್ಷೆಗೆ ಹೋಗಿರ್ಲಿಲ್ಲ. ಎಲ್ಲಿಗೂ ಹೋಗಿರ್ಲಿಲ್ಲ. ಹಾಸ್ಟೆಲ್ ಕೋಣೇಲಿ ಬಾಗಿಲು ಹಾಕ್ಕೊಂಡು ಬಿದ್ದಿದ್ದೆ. ಮನೆ ಎರಡು ಗಂಟೆ ದಾರಿ. ಬಸ್ಸಿತ್ತು. ಅಮ್ಮ ಸಾಯೋದನ್ನ ನೋಡೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಫೇಲಾಗಿದ್ದು. ಇದನ್ನ ಅರ್ಜೀಲಿ ಹ್ಯಾಗೆ ಬರೀಲಿ? ಅಮ್ಮನ ಹತ್ರ ಹೋಗದವಳು ಡಾಕ್ಟರ್ ಆಗ್ತಾಳಂತೆ!"

ಮಮ್ಮು ಒಲೆ ಆರಿಸಿ ಬಂದು ಎದುರಿಗೆ ಕುಳಿತಳು.

"ಆ ವಾರ ನಾನೆಲ್ಲಿದ್ದೆ ಗೊತ್ತಾ? ಹಿತ್ತಿಲಲ್ಲಿ. ಬೇಕಾಗಿದ್ದಕ್ಕಿಂತ ಮೂರು ಪಟ್ಟು ಸೌದೆ ಒಡೆದು ಹಾಕ್ದೆ. ಒಳಗಿಂದ ನನ್ನ ಮಗಳು ಕರೀತಿದ್ಲು. ಕೇಳಿಸ್ತಿತ್ತು. ಒಳಗೆ ಹೋಗೋಕೆ ನಂಗೂ ಆಗ್ಲಿಲ್ಲ."

"ಮಮ್ಮು!"

"ಕೊನೆಗೆ ಹೋದೆ. ನೀನು ಹುಡುಗಿ, ನಿಂಗೆ ಆಗ್ಲಿಲ್ಲ. ಅಷ್ಟೇ." ಅಜ್ಜಿಯ ಒರಟು ಕೈ ಅವಳ ಕೆನ್ನೆ ಹಿಡಿಯಿತು. "ಆಮೇಲೆ ಆ ಮುದುಕರ ಆಶ್ರಮದಲ್ಲಿ ಎಷ್ಟು ಜನ ನಿನ್ನ ಕೈ ಹಿಡ್ಕೊಂಡೇ ಪ್ರಾಣ ಬಿಟ್ರು? ಅದನ್ನೂ ಬರಿ."

ಅಂದು ಇಬ್ಬರೂ ಆರು ವರ್ಷದ ಅಳು ಅತ್ತರು.

ಮುಂದಿನ ವಾರ ಸೈಮಿ ಹಳೆಯ ಪ್ರೊಬೇಷನ್ ಪತ್ರದ ಪ್ರತಿ ಕೇಳಲು ಕಚೇರಿಗೆ ಹೋದಳು. ಕೌಂಟರಿನಲ್ಲಿದ್ದವರು ಮುಖ್ಯಸ್ಥೆ ಮಿಸೆಸ್ ಗಾರ್ವಿ.

"ಓ, ನೀನೇನಾ ಆ ಹುಡುಗಿ?" ಕನ್ನಡಕದ ಮೇಲಿನಿಂದ ನೋಡಿದರು. "ಡೆಸ್ಮಂಡ್ ಆ ಬುಧವಾರವೇ ನನ್ನ ಹತ್ರ ಬಂದ. ಈ ಹುಡುಗೀನ ಪ್ರೀತಿಸ್ತೀನಿ, ಈ ಫಾರಂ ನಾನು ಮುಟ್ಟಬಾರ್ದು ಅಂದ. ಸಹಿ ಹಾಕಿದ್ದು ನಾನಮ್ಮ."

ಮಿಸೆಸ್ ಗಾರ್ವಿ ಪತ್ರದ ಪ್ರತಿಯನ್ನು ಅವಳತ್ತ ಸರಿಸಿದರು.

"ಕೊನೇ ನಿಮಿಷದವರೆಗೂ ಕಾಯಿ ಅಂತ ಬೇಡ್ಕೊಂಡ. ಶುಕ್ರವಾರ ಊಟಕ್ಕೂ ಏಳ್ಲಿಲ್ಲ. ಫೋನ್ ನೋಡ್ತಾ ಕೂತಿದ್ದ, ಪಾಪ. ಫಾರಂ ವಿಷಯ ನಿಂಗೆ ಮೊದ್ಲೇ ಹೇಳಿದ್ನಲ್ಲ, ನಿಯಮ ನೋಡು, ಅವನನ್ನ ಕೌಂಟರಿಂದ ತೆಗೆದು ಕೆಳಗಿನ ಉಗ್ರಾಣಕ್ಕೆ ಹಾಕ್ಬೇಕಾಯ್ತು."

ಅವಳು ಉಗ್ರಾಣದ ಮೆಟ್ಟಿಲಿಳಿದಳು. ಹಳೆಯ ಕಡತಗಳ ನಡುವೆ, ಧೂಳು ಮೆತ್ತಿದ ಅಂಗಿಯಲ್ಲಿ ಡೆಸ್ಮಂಡ್ ತಿರುಗಿ ನೋಡಿದ. ಸೊರಗಿದ್ದ.

"ನೀನ್ಯಾಕೆ ಹೇಳ್ಲಿಲ್ಲ, ಸಹಿ ನಿಂದಲ್ಲ ಅಂತ?"

"ಏನು ವ್ಯತ್ಯಾಸ? ಸೀಟಂತೂ ಹೋಯ್ತು. ತಡೆಯೋಕೆ ನನ್ನ ಕೈಲಿ ಆಗ್ಲಿಲ್ಲ ಸೈಮಿ... ಏನೂ ಆಗ್ಲಿಲ್ಲ."

"ತಪ್ಪು ನಂದು ಡೆಸ್. ಪೂರ್ತಿ ನಂದು." ಅಮ್ಮನ ವಿಷಯ, ಹಾಸ್ಟೆಲ್ ಕೋಣೆ, ಬಸ್ಸು... ಒಂದನ್ನೂ ಬಿಡದೆ ಹೇಳಿದಳು.

"ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಈ ಸಲ ಪ್ರೊಬೇಷನ್ನೂ ಹೇಳ್ಬೇಕು, ಸುಳ್ಳು ಹೇಳಿದ್ದೂ ಹೇಳ್ಬೇಕು. ಯಾರೂ ತಗೊಳ್ಳದೇನೂ ಇರ್ಬಹುದು. ಯಾವತ್ತೂ."

"ಇರ್ಬಹುದು," ಎಂದ ಅವನು. ಸುಳ್ಳು ಸಮಾಧಾನ ಹೇಳಲಿಲ್ಲ.

"ಅಂಥವಳ ಜೊತೆ ಇರ್ತೀಯಾ?"

ಅವನು ಧೂಳು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಕೈ ಹಿಡಿದ.

"ಇಷ್ಟು ದಿನ ನೀನು ಬಾಗಿಲು ಹಾಕ್ಕೊಂಡಿದ್ದೆ, ನಾನು ಹೊರಗೆ ನಿಂತಿದ್ದೆ. ಈಗ ತೆಗೆದಿದ್ದೀಯಲ್ಲ ಸೈಮಿ... ಇನ್ನೆಲ್ಲಿಗೆ ಹೋಗ್ಲಿ ನಾನು?"